ವಿಮಾಪತ್ರದ ವಾಕ್ಯಾರ್ಥ: ದುಡಿಮೆಗಾಗಿ ವಾಹನ ನಡೆಸುವ ಕಿರಿಯರನ್ನು ಕುರಿತು

‘ವಿಮೆ’ ಎಂಬ ಮಾತು ಇಂದು ಕನ್ನಡಿಗರ ಮನೆಮಾತಾಗಿದ್ದರೂ ಅದರ ತವರು ಪಾರಸಿ. ಆ ಭಾಷೆಯಲ್ಲಿ ‘ಬೀಮ್’ ಎಂದರೆ ಭಯ. ಅದರಿಂದ ಹುಟ್ಟಿದ ‘ಬೀಮಾ’ ಎಂಬ ಶಬ್ದವು ಹಿಂದೂಸ್ತಾನಿಯ ಮಾರ್ಗವಾಗಿ ನಮ್ಮಲ್ಲಿಗೆ ಬಂದು ‘ವಿಮೆ’ ಎಂದಾಯಿತು. ಭಯವನ್ನು ಮುಂಗಂಡು ಮಾಡಿಕೊಳ್ಳುವ ಏರ್ಪಾಡು ಎಂಬುದು ಇದರ ಮೂಲಾರ್ಥ. ಆದರೆ ಈಗಿನ ಬಳಕೆಯನ್ನು ನೋಡಿದರೆ ಅರ್ಥವು ತಿರುಗಿಬಿದ್ದಂತೆ ತೋರುತ್ತದೆ. “ಗಾಡಿಗೆ ಇನ್ಶೂರೆನ್ಸ್ ಇದೆ, ಭಯವೇನು?” ಎಂಬುದು ಜನರ ಮಾತು. ಗಾಡಿಗೆ ವಿಮೆಯಿದ್ದರೆ ಯಾರು ನಡೆಸಿದರೇನು, ಏನು ಹೇರಿದರೇನು, ಯಾರು ಕುಳಿತರೇನು ಎಂಬ ನಿಶ್ಚಿಂತೆ ಈ ಮಾತಿನ ಹಿಂದೆ ಇದೆ. ಈ ನಿಶ್ಚಿಂತೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೆ ವಾಹನ ವಿಮೆಯ ಗೊಡವೆಯೇಕೆಂದು ವಾಚಕರು ಕೇಳಬಹುದು. ವಿಮಾಪತ್ರವೂ ಒಂದು ಬರಹ. ಅದಕ್ಕೂ ಪದವುಂಟು, ವಾಕ್ಯವುಂಟು, ವಿಧಿಯುಂಟು, ನಿಷೇಧವುಂಟು. ಕಾವ್ಯವನ್ನು ತಪ್ಪಾಗಿ ಅನ್ವಯಿಸಿದರೆ ರಸಭಂಗವಾಗುವುದು, ಅಷ್ಟೆ. ವಿಮಾಪತ್ರವನ್ನು ತಪ್ಪಾಗಿ ಅನ್ವಯಿಸಿದರೆ ಹೊಲಮನೆಗಳೇ ಹೋಗಬಹುದು. ಅದರ ಮುಖ್ಯ ನಿಬಂಧನೆಗಳು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇರುವುದರಿಂದ ನಮ್ಮ ರೈತಾಪಿ ಜನರಲ್ಲಿ ಅದನ್ನು ಪೂರ್ತಿ ಓದಿದವರು ವಿರಳ. ಕಠಿಣ ಪಾಠಕ್ಕೆ ಟೀಕೆ ಬರೆಯುವುದು ಪಂಡಿತನ ವೃತ್ತಿಯಾದುದರಿಂದ ಈ ಬರಹಕ್ಕೂ ಕಿರಿದಾದ ಒಂದು ಟೀಕೆಯನ್ನು ಬರೆಯುವುದು ಅನುಚಿತವಾಗಲಾರದು.

ಪ್ರಸಂಗ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಬದುಕು ಗಾಡಿಯ ಮೇಲೆ ನಿಂತಿದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಚಿಂತಾಮಣಿಯ ಮಂಡಿಗೆ ಟೊಮೆಟೊ, ಬೆಳಗು ಬೈಗುಗಳಲ್ಲಿ ಡೇರಿಗೆ ಹಾಲು, ಗೌರಿಬಿದನೂರಿನ ಕಡೆಯಿಂದ ಗಡಿಯಾಚೆಯ ಹಿಂದೂಪುರಕ್ಕೆ ನಾನಾ ಬಗೆಯ ಸರಕು, ಇವೆಲ್ಲವೂ ದಿನವೂ ರಸ್ತೆಯ ಮೇಲೆ ಸಾಗತಕ್ಕವು. ಹಿಂದೆ ಹೊಲವೇ ಸರ್ವಸ್ವವಾಗಿದ್ದ ಕುಡುಮಲಕುಂಟೆಯಲ್ಲಿ ಈಗ ಕೈಗಾರಿಕಾ ಪ್ರದೇಶವಿದ್ದು, ಅಲ್ಲಿಯೂ ಸರಕಿನ ಮತ್ತು ಜನರ ಓಡಾಟ ಮಿಗಿಲಾಗಿದೆ. ಈ ಕೆಲಸಗಳಲ್ಲಿ ಅವಸರವೂ ಸೇರಿಕೊಂಡಿರುತ್ತದೆ. ಗೂಡನ್ನು ತಡಮಾಡಿದರೆ ತೂಕ ಇಳಿಯುವುದು, ಹುಳು ಚಿಟ್ಟೆಯಾಗಿ ಹೊರಬಿದ್ದರೆ ಬೆಲೆಯೇ ಇಲ್ಲ. ಹಾಲು ಒಡೆಯುವುದು, ಟೊಮೆಟೊ ಕೊಳೆಯುವುದು. ಆದುದರಿಂದ ನಸುಕಿನಲ್ಲಿ, ಮಂಜಿನಲ್ಲಿ, ರಾತ್ರಿಯಲ್ಲಿ ಗಾಡಿ ಹೊರಡಲೇಬೇಕು. ದೊಡ್ಡವರು ಹೊಲದಲ್ಲಿಯೋ ಹುಳುಮನೆಯಲ್ಲಿಯೋ ಇರುವಾಗ ಕೀಲಿಯು ಮನೆಯ ಹುಡುಗನ ಕೈಗೆ ಹೋಗುತ್ತದೆ. ಅವನ ವಯಸ್ಸು ಹದಿನೈದಿರಬಹುದು, ಹದಿನಾರಿರಬಹುದು, ಹದಿನೇಳಿರಬಹುದು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿರುವ ಬೇಸಗೆಯಲ್ಲಿ ಲಗೇಜ್ ಆಟೋ ಹತ್ತಿದ ಹುಡುಗ ಮರಳಿ ಕಾಲೇಜಿನ ಮೆಟ್ಟಿಲು ಹತ್ತದಿರುವುದೂ ಉಂಟು. ಇವರು ನಮ್ಮ ಶಾಲೆಗಳಂತಹ ಶಾಲೆಗಳ ಮಕ್ಕಳೇ ಎಂಬುದನ್ನು ಉಪಾಧ್ಯಾಯ ಮಹಾಶಯರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ವಿಮಾಪತ್ರದ ಸ್ವರೂಪ

ವಾಹನಕ್ಕೆ ವಿಮೆ ಕಡ್ಡಾಯವೆಂಬ ವಿಧಿ ಇಂಗ್ಲೆಂಡಿನಲ್ಲಿ 1930ರ ಕಾಯಿದೆಯಿಂದ ಬಂದಿತು. ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯಿದೆಯು ಅದನ್ನು ಅಂಗೀಕರಿಸಿತಾದರೂ ಆ ಭಾಗವು ಜಾರಿಗೆ ಬಂದುದು 1946ರ ಜುಲೈ 1ರಂದು. ಈಗ ನಡೆಯುತ್ತಿರುವುದು 1988ರ ಕಾಯಿದೆ. ಇದರ 146ನೆಯ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ವಿಮೆಯಿಲ್ಲದ ವಾಹನವನ್ನು ಉಪಯೋಗಿಸಕೂಡದು.

ಇಲ್ಲಿ ಮೊದಲು ತಿಳಿಯಬೇಕಾದುದು ಈ ಕಡ್ಡಾಯ ವಿಮೆ ಯಾರ ಹಿತಕ್ಕಾಗಿ ಎಂಬುದು. ವಿಮೆ ಮಾಡಿಸಿದವನು ಮೊದಲನೆಯ ಪಕ್ಷ, ಕಂಪನಿ ಎರಡನೆಯ ಪಕ್ಷ, ರಸ್ತೆಯಲ್ಲಿ ಆ ವಾಹನದಿಂದ ಹಾನಿಗೊಳಗಾಗುವ ಅಪರಿಚಿತನು ಮೂರನೆಯ ಪಕ್ಷ. ಕಾನೂನು ಕಡ್ಡಾಯ ಮಾಡಿರುವುದು ಈ ಮೂರನೆಯವನಿಗಾಗಿ. ಇದನ್ನೇ ಥರ್ಡ್ ಪಾರ್ಟಿ ವಿಮೆ ಎನ್ನುತ್ತಾರೆ. ತನ್ನ ಗಾಡಿಗೆ ಆಗುವ ಜಖಮ್ಮನ್ನೂ ಸೇರಿಸಿಕೊಳ್ಳಬೇಕಾದರೆ ಹೆಚ್ಚಿನ ಕಂತು ಕಟ್ಟಿ ಸಮಗ್ರ ವಿಮೆ ಮಾಡಿಸಬೇಕು. ಗಾಡಿಯ ಒಡೆಯನಾಗಿ ತಾನೇ ಚಾಲಕನೂ ಆಗಿರುವವನ ಅಪಘಾತಕ್ಕೆ 15 ಲಕ್ಷ ರೂಪಾಯಿಗಳ ರಕ್ಷಣೆಯನ್ನು 2018ರಲ್ಲಿ ವಿಧಿಸಲಾಯಿತು. ಅದು ಹೆಸರೇ ಹೇಳುವಂತೆ ಒಡೆಯನಿಗೆ, ಅದರಲ್ಲಿಯೂ ಲೈಸೆನ್ಸುಳ್ಳ ಒಡೆಯನಿಗೆ ಮಾತ್ರ.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಇಂಗ್ಲೆಂಡ್, ಅಮೆರಿಕ ದೇಶಗಳಲ್ಲಿ ವಿಮೆಯ ಕಂತನ್ನು ಗೊತ್ತುಮಾಡುವಾಗ ಚಾಲಕನ ವಯಸ್ಸನ್ನು ಕೇಳುತ್ತಾರೆ. ಮನೆಯಲ್ಲಿ ಹದಿಹರೆಯದ ಮಗನು ಕಾರು ನಡೆಸಲು ತೊಡಗಿದರೆ ಕಂತು ಏರುತ್ತದೆ. ಸ್ವಂತದ ಕಾರಿನಲ್ಲಿ ಅವನು ಅಂಗಡಿಯ ತಿಂಡಿಯನ್ನು ಮನೆಮನೆಗೆ ತಲುಪಿಸುವ ಕೆಲಸ ಹಿಡಿದರೆ ಸಾಮಾನ್ಯ ವಿಮೆ ಸಾಲದೆ ಬೇರೆ ರಕ್ಷಣೆ ಬೇಕಾಗುತ್ತದೆ. ಅಮೆರಿಕದ ಕೇಂದ್ರ ಕಾರ್ಮಿಕ ಕಾನೂನಿನಂತೆ ಹದಿನಾರು ವರ್ಷದ ನೌಕರನು ಕೆಲಸದ ನಿಮಿತ್ತ ರಸ್ತೆಯಲ್ಲಿ ವಾಹನ ನಡೆಸಕೂಡದು. ಹದಿನೇಳರವನು ಹಗಲಿನಲ್ಲಿ, ಮಿತವಾಗಿ ನಡೆಸಬಹುದಾದರೂ ಹೊತ್ತಿಗೆ ಸರಿಯಾಗಿ ತಲುಪಿಸಬೇಕಾದ ಅವಸರದ ಸರಕನ್ನು ಒಯ್ಯುವಂತಿಲ್ಲ. ನಮ್ಮಲ್ಲಿಯಾದರೋ ಥರ್ಡ್ ಪಾರ್ಟಿ ವಿಮೆಯ ಕಂತು ನಿರ್ಣಯವಾಗುವುದು ಕಾರು ಬೈಕುಗಳಲ್ಲಿ ಎಂಜಿನ್ನಿನ ಗಾತ್ರದಿಂದ, ಸರಕಿನ ಗಾಡಿಗಳಲ್ಲಿ ಒಟ್ಟು ತೂಕದಿಂದ. ನಡೆಸುವವನ ವಯಸ್ಸು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಆ ದೇಶಗಳಲ್ಲಿ ಏರಿದ ಕಂತೇ ತಂದೆಗೆ ಎಚ್ಚರಿಕೆಯಾಗುತ್ತದೆ. ನಮ್ಮ ರಸೀತಿ ಆ ವಿಷಯದಲ್ಲಿ ಮೌನವಾಗಿರುತ್ತದೆ. ಆ ಮೌನವನ್ನೇ ಸಮ್ಮತಿಯೆಂದು ನಾವು ಭ್ರಮಿಸಿದ್ದೇವೆ. ವಯಸ್ಸಿನ ಮಾತು ಬರುವುದು ರಸೀತಿಯಲ್ಲಲ್ಲ, ನಿಬಂಧನೆಯಲ್ಲಿ.

ಮೊದಲನೆಯ ವಾಕ್ಯ: ಯಾರು ನಡೆಸಬಹುದು?

ವಿಮಾಪತ್ರದಲ್ಲಿ ಚಾಲಕನನ್ನು ಕುರಿತ ಒಂದು ವಾಕ್ಯವಿರುತ್ತದೆ. ಒಡೆಯನೂ ಸೇರಿದಂತೆ ಯಾರು ಬೇಕಾದರೂ ನಡೆಸಬಹುದೆಂಬುದು ಅದರ ಪೂರ್ವಾರ್ಧದ ಭಾವ. ಹಾಗೆ ನಡೆಸುವವನು ಅಪಘಾತದ ಕಾಲದಲ್ಲಿ ಊರ್ಜಿತದಲ್ಲಿರುವ ಲೈಸೆನ್ಸನ್ನು ಹೊಂದಿರಬೇಕು, ಅದನ್ನು ಪಡೆಯಲು ಅನರ್ಹನಾಗಿರಬಾರದು ಎಂಬುದು ಉತ್ತರಾರ್ಧ. ನಮ್ಮ ಜನ ಪೂರ್ವಾರ್ಧದಲ್ಲಿಯೇ ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಸಾಮಾನ್ಯವಚನವನ್ನು ವಿಶೇಷವಚನವು ಸಂಕೋಚಗೊಳಿಸುತ್ತದೆ ಎಂಬ ನ್ಯಾಯವನ್ನು ಇಲ್ಲಿ ನೆನೆಯಬೇಕು.

ಲೈಸೆನ್ಸಿಗೆ ಅರ್ಹತೆ ಯಾವುದು? ಕಾಯಿದೆಯ 4ನೆಯ ಕಲಮು ಸಾಮಾನ್ಯವಾಗಿ ಹದಿನೆಂಟು ವರ್ಷ ತುಂಬಿರಬೇಕೆನ್ನುತ್ತದೆ. ಎಂಜಿನ್ನಿನ ಗಾತ್ರ 50 ಸಿ.ಸಿ. ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ ಹದಿನಾರು ಸಾಕು. ಈ ವಿನಾಯಿತಿಯ ವಿಷಯದಲ್ಲಿ ಹಳ್ಳಿಗಳಲ್ಲಿ ಒಂದು ಭ್ರಾಂತಿಯಿದೆ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಬಂದ ಟಿವಿಎಸ್ 50 ಎಂಬ ಮೊಪೆಡ್ಡು ನಿಜವಾಗಿಯೂ ಐವತ್ತು ಸಿ.ಸಿ.ಯದು. ಅದರ ಹೆಸರು ಜನರ ಬಾಯಲ್ಲಿ ನಿಂತುಹೋಗಿ, ಇಂದು ಹಾಲಿನ ಕ್ಯಾನು ಹೊರುವ ಎಕ್ಸ್‌ಎಲ್ 100 ಗಾಡಿಯನ್ನೂ “ಟಿವಿಎಸ್ ಫಿಫ್ಟಿ” ಎಂದೇ ಕರೆಯುವವರಿದ್ದಾರೆ. ಹೆಸರು ಐವತ್ತಾದರೂ ಎಂಜಿನ್ನು ನೂರರ ಹತ್ತಿರದ್ದು. ಹದಿನಾರರ ಹುಡುಗನಿಗೆ ಅದು ಸಲ್ಲುವುದಿಲ್ಲ. ವಿದ್ಯುತ್ ಗಾಡಿಗಳಲ್ಲಿ ಮೋಟಾರಿನ ಶಕ್ತಿ 250 ವ್ಯಾಟ್, ವೇಗ ಗಂಟೆಗೆ 25 ಕಿಲೋಮೀಟರ್ ಮೀರದೆ, ತೂಕವೂ ನಿಯಮದ ಮಿತಿಯಲ್ಲಿರುವವು ಮೋಟಾರು ವಾಹನಗಳೆಂದೇ ಎಣಿಸಲ್ಪಡವು. ಆ ಮಿತಿಯನ್ನು ದಾಟಿದವಕ್ಕೆ ಲೈಸೆನ್ಸೂ ಬೇಕು, ವಿಮೆಯೂ ಬೇಕು.

ಸರಕು ಅಥವಾ ಬಾಡಿಗೆಯ ಪ್ರಯಾಣಿಕರನ್ನು ಸಾಗಿಸುವ ವಾಹನಕ್ಕೆ ಅದೇ 4ನೆಯ ಕಲಮು ಇಪ್ಪತ್ತು ವರ್ಷವನ್ನು ಹೇಳುತ್ತದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸುಳ್ಳವನು ನಡೆಸಬಹುದು, ಬೇರೆ ಒಪ್ಪಿಗೆ ಬೇಡ ಎಂದು ತೀರ್ಮಾನಿಸಿತು. ಇದರಿಂದ ಸಣ್ಣ ಸರಕಿನ ಗಾಡಿಯ ಚಾಲಕರಿಗೆ ದೊಡ್ಡ ಉಪಕಾರವಾಗಿದೆ. ಆದರೆ ಈ ಉಪಕಾರವು ಲೈಸೆನ್ಸುಳ್ಳವನಿಗೇ ಹೊರತು ಲೈಸೆನ್ಸೇ ಇಲ್ಲದ ಹದಿನೇಳರವನಿಗಲ್ಲ. ಸರಕಿನ ಗಾಡಿಯನ್ನು ಒಪ್ಪಿಸುವ ವಿಷಯದಲ್ಲಿ ಇಪ್ಪತ್ತು ತುಂಬುವವರೆಗೆ ಕಾಯುವುದು ಧಣಿಗೆ ಕ್ಷೇಮಕರವಾದ ದಾರಿ.

ಎಲ್‌ಎಲ್‌ಆರ್ ಇದ್ದರೆ ಸಾಕೆಂಬ ಮಾತನ್ನೂ ಪರೀಕ್ಷಿಸೋಣ. ಕಲಿಯುವವನ ಪಕ್ಕದಲ್ಲಿ ಲೈಸೆನ್ಸುಳ್ಳ ಬೋಧಕನಿರಬೇಕು, ಗಾಡಿಯ ಹಿಂದೆ ಮುಂದೆ ಕೆಂಪು ‘ಎಲ್’ ಅಕ್ಷರವಿರಬೇಕು ಎಂಬುದು 1989ರ ಕೇಂದ್ರ ನಿಯಮಗಳ 3ನೆಯ ನಿಯಮ. ಸರಕಿನ ಗಾಡಿಗಳ ವಿಮಾಪತ್ರದಲ್ಲಿ, ಕಲಿಯುವವನು ನಡೆಸುವಾಗ ಗಾಡಿಯಲ್ಲಿ ಸರಕು ಇರಕೂಡದೆಂಬ ನಿಬಂಧನೆಯೂ ಇರುತ್ತದೆ. ಖಾಲಿ ಗಾಡಿಯಲ್ಲಿ ಕಲಿಯಬಹುದು, ಗೂಡು ತುಂಬಿದ ಗಾಡಿಯಲ್ಲಿ ಕಲಿಯುವಂತಿಲ್ಲ ಎಂದು ತಾತ್ಪರ್ಯ.

ಎರಡನೆಯ ವಾಕ್ಯ: ಯಾವ ಕೆಲಸಕ್ಕೆ?

ಸ್ವಂತ ಉಪಯೋಗದ ಕಾರು ಮತ್ತು ಬೈಕುಗಳ ವಿಮಾಪತ್ರದಲ್ಲಿ ಉಪಯೋಗದ ಮಿತಿಯನ್ನು ಹೇಳುವ ವಾಕ್ಯವೊಂದಿದೆ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಓಡಿಸುವುದು, ಮಾದರಿಯ ವಸ್ತು ಮತ್ತು ಸ್ವಂತ ಸಾಮಾನುಗಳ ಹೊರತು ಬೇರೆ ಸರಕನ್ನು ಸಾಗಿಸುವುದು, ಪಂದ್ಯಕ್ಕಾಗಿ ಓಡಿಸುವುದು ಈ ವಿಮೆಯ ವ್ಯಾಪ್ತಿಗೆ ಹೊರಗು ಎಂಬುದು ಅದರ ಸಾರ. ಬಿಳಿಯ ಫಲಕದ ಕಾರಿನಲ್ಲಿ ಕಾರ್ಖಾನೆಯ ಕೆಲಸಗಾರರನ್ನು ತಿಂಗಳ ಬಾಡಿಗೆಗೆ ಕರೆದೊಯ್ಯುವುದು, ಸ್ವಂತದ ಬೈಕಿನಲ್ಲಿ ಅಂಗಡಿಯ ಸರಕನ್ನು ಕೂಲಿಗಾಗಿ ಹಂಚುವುದು ಇವೆಲ್ಲ ಈ ವಾಕ್ಯಕ್ಕೆ ಎದುರಾಗಿ ನಿಲ್ಲುವ ಕೆಲಸಗಳು. ಹದಿನೆಂಟು ತುಂಬಿದ ಕೂಡಲೇ ಬೆಂಗಳೂರಿಗೆ ಹೋಗಿ ಬೈಕಿನಲ್ಲಿ ಊಟ ಉಪಾಹಾರಗಳನ್ನು ತಲುಪಿಸುವ ಕೆಲಸ ಹಿಡಿಯುವ ತರುಣರು ಈ ನಿಬಂಧನೆಯನ್ನು ವಿಶೇಷವಾಗಿ ತಿಳಿದಿರಬೇಕು. ಇಂತಹ ಕೆಲಸಗಾರರಿಗಾಗಿ ಕರ್ನಾಟಕ ಸರ್ಕಾರವು 2023ರಲ್ಲಿ ಎರಡು ಲಕ್ಷದ ಜೀವ ವಿಮೆ, ಎರಡು ಲಕ್ಷದ ಅಪಘಾತ ವಿಮೆ, ಒಟ್ಟು ನಾಲ್ಕು ಲಕ್ಷ ರೂಪಾಯಿಗಳ ಯೋಜನೆಯನ್ನು ಘೋಷಿಸಿತು. ಇಂತಹ ಯೋಜನೆ ಕೆಲಸಗಾರನ ಕುಟುಂಬಕ್ಕೆ ಆಸರೆ. ಅವನ ಬೈಕು ತಗುಲಿ ಬಿದ್ದ ದಾರಿಹೋಕನಿಗೆ ಇದರಿಂದ ಏನೂ ಸಲ್ಲದು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

ಮೂರನೆಯ ವಾಕ್ಯ: ಗಾಡಿಯಲ್ಲಿ ಯಾರಿರಬಹುದು?

1994ರ ತಿದ್ದುಪಡಿಯಾದ ಮೇಲೆ, ಸರಕಿನ ಗಾಡಿಯಲ್ಲಿ ಸರಕಿನೊಡನೆ ಪಯಣಿಸುವ ಅದರ ಒಡೆಯನಿಗೂ ಅವನ ಅಧಿಕೃತ ಪ್ರತಿನಿಧಿಗೂ ಕಡ್ಡಾಯ ವಿಮೆಯ ರಕ್ಷಣೆ ದೊರೆತಿದೆ. ಗೂಡಿನ ಮೂಟೆಯೊಡನೆ ಶಿಡ್ಲಘಟ್ಟಕ್ಕೆ ಹೋಗುವ ರೈತನು ಈ ವರ್ಗಕ್ಕೆ ಸೇರುತ್ತಾನೆ. ಆದರೆ ಮಾರಾಟ ಮುಗಿದು ಬರಿದಾದ ಅದೇ ಗಾಡಿಯಲ್ಲಿ ಊರಿಗೆ ಹಿಂತಿರುಗುವ ಕೂಲಿಯಾಳುಗಳ, ಮದುವೆಗೆ ಹೊರಟ ನೆಂಟರ ಗತಿಯೇನು? ಸರಕಿನ ಗಾಡಿಯಲ್ಲಿ ಪುಕ್ಕಟೆಯಾಗಿ ಪಯಣಿಸುವವರಿಗೆ ಕಡ್ಡಾಯ ವಿಮೆ ಸಲ್ಲದೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಮಾನಿಸಿದೆ. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಆಳುಗಳನ್ನು ತುಂಬಿಕೊಂಡು ಹೋಗುವವರೂ ಈ ಮಾತನ್ನು ಮನಸ್ಸಿನಲ್ಲಿಡಬೇಕು. ನಡೆಸುವವನು ಹುಡುಗ, ಹಿಂದೆ ಕುಳಿತವರು ಹತ್ತು ಮಂದಿ ಎಂದಾದಾಗ, ಮೊದಲನೆಯ ವಾಕ್ಯವೂ ಮೂರನೆಯ ವಾಕ್ಯವೂ ಒಟ್ಟಿಗೆ ಮುರಿದುಬೀಳುತ್ತವೆ.

ಹೊಣೆ ಯಾರದು?

ಈ ಪ್ರಶ್ನೆ ಹೊಸದಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ವಿಷಯ ಕನ್ನಡಿಗರಿಗೆ ಹೆಮ್ಮೆಯದು. ಅದರ ನಾಲ್ಕನೆಯ ಅಧಿಕರಣದ ಹದಿಮೂರನೆಯ ಅಧ್ಯಾಯದಲ್ಲಿ ಗಾಡಿಯಿಂದಾಗುವ ಹಾನಿಯ ವಿಚಾರ ಬರುತ್ತದೆ. ಗಾಡಿ ಹೊಡೆಯುವವನು ಬಾಲಕನಾದರೆ ಗಾಡಿಯಲ್ಲಿರುವ ಒಡೆಯನು ದಂಡಾರ್ಹನು. ಒಡೆಯನಿಲ್ಲದಿದ್ದರೆ ಅದರಲ್ಲಿ ಕುಳಿತವನು, ಅಥವಾ ವಯಸ್ಸಿಗೆ ಬಂದ ಚಾಲಕನಾದರೆ ಅವನೇ ದಂಡಾರ್ಹನು. ಬಾಲಕನ ವಶದಲ್ಲಿರುವ ಗಾಡಿಯನ್ನು ರಾಜನು ವಶಪಡಿಸಿಕೊಳ್ಳಬೇಕು. ಇದು ಆ ಪ್ರಕರಣದ ಅಭಿಪ್ರಾಯ. ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ಚಾಲಕನು ನಿಪುಣನಾಗಿದ್ದರೆ ದಂಡವು ಅವನಿಗೆ, ಅನಿಪುಣನಾಗಿದ್ದರೆ ಒಡೆಯನಿಗೆ ಎಂದು ವಿಭಾಗಿಸುತ್ತದೆ. ಎತ್ತಿನ ಬಂಡಿಯ ಕಾಲದಲ್ಲಿಯೇ ನಮ್ಮ ಹಿಂದಿನವರು ತಪ್ಪಿನ ಮೂಲವನ್ನು ಹಗ್ಗ ಹಿಡಿದ ಕೈಯಲ್ಲಿ ಮಾತ್ರವಲ್ಲದೆ ಹಗ್ಗವನ್ನು ಕೊಟ್ಟ ಕೈಯಲ್ಲಿಯೂ ಹುಡುಕಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂದಿನ ಕಾನೂನು ಈ ದಾರಿಯಲ್ಲಿಯೇ ನಡೆದಿದೆ. 2019ರ ತಿದ್ದುಪಡಿಯಿಂದ ಸೇರಿ ಆ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದ 199ಎ ಕಲಮಿನಂತೆ, ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಅವನ ಪೋಷಕನು ಅಥವಾ ವಾಹನದ ಒಡೆಯನು ತಪ್ಪಿತಸ್ಥನೆಂದು ಭಾವಿಸಲ್ಪಡುತ್ತಾನೆ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ತನಗೆ ತಿಳಿಯದೆ ನಡೆಯಿತೆಂದು, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದು ರುಜುವಾತುಪಡಿಸುವ ಭಾರ ಹಿರಿಯನ ಮೇಲೆಯೇ ಇದೆ. ಚಾಲನೆಯನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬೇಕೆಂದಿರುವ ಹುಡುಗನಿಗೆ ಹದಿನೇಳರಲ್ಲಿ ಅವಸರಪಟ್ಟುದರ ಫಲವಾಗಿ ಇಪ್ಪತ್ತೈದರವರೆಗೆ ವೃತ್ತಿಯೇ ಮುಚ್ಚಿಹೋಗುವುದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಪರಿಹಾರದ ಹೊಣೆಯ ವಿಷಯದಲ್ಲಿ ನ್ಯಾಯಾಲಯಗಳ ತೀರ್ಪುಗಳನ್ನು ಸಂಕ್ಷೇಪವಾಗಿ ನೋಡೋಣ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಿಬಂಧನೆ ಮುರಿದುದರಲ್ಲಿ ಒಡೆಯನ ತಪ್ಪು ಅಥವಾ ಅಲಕ್ಷ್ಯವಿದ್ದಿತೆಂದು ವಿಮಾ ಕಂಪನಿಯೇ ತೋರಿಸಬೇಕೆಂದಿತು. ತಕ್ಕ ಪ್ರಸಂಗಗಳಲ್ಲಿ ಕಂಪನಿಯು ಸಂತ್ರಸ್ತನಿಗೆ ಮೊದಲು ಹಣ ಕೊಟ್ಟು ಬಳಿಕ ಒಡೆಯನಿಂದ ವಸೂಲು ಮಾಡಿಕೊಳ್ಳಬಹುದೆಂದೂ ಹೇಳಿತು. ಇದರಿಂದ ಸಂತ್ರಸ್ತನಿಗೆ ನೆರವಾಯಿತು. ಆದರೆ ಒಡೆಯನ ತಲೆಯ ಮೇಲಿನ ಭಾರ ಇಳಿಯಲಿಲ್ಲ. 2008ರ ಇನ್ನೊಂದು ಮೊಕದ್ದಮೆಯಲ್ಲಿ ತಂದೆಯ ಕಾರನ್ನು ಅಪ್ರಾಪ್ತವಯಸ್ಸಿನ ಮಗನು ಲೈಸೆನ್ಸಿಲ್ಲದೆ ನಡೆಸಿದ್ದನು. ಅಲ್ಲಿ ವಿಮಾ ಕಂಪನಿ ಹೊಣೆಯಲ್ಲವೆಂದು ತೀರ್ಮಾನವಾಯಿತು. 2011ರ ಮೊಕದ್ದಮೆಯೊಂದರಲ್ಲಿ, ಬಂಧುವಿನ ಮನೆಯ ಅಪ್ರಾಪ್ತ ಹುಡುಗನು ಮೋಟಾರ್ ಸೈಕಲ್ಲನ್ನು ಒಯ್ದಿದ್ದನು. ತನ್ನ ಗಾಡಿಯ ದುರುಪಯೋಗವಾಗದಂತೆ ನೋಡಿಕೊಳ್ಳುವುದು ಒಡೆಯನ ಕರ್ತವ್ಯವೆಂದು ಹೇಳಿ, ಕಂಪನಿಯು ಕೊಟ್ಟ ಹಣವನ್ನು ಅವನಿಂದ ವಸೂಲು ಮಾಡುವ ಆಜ್ಞೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಒಂದು ಲೆಕ್ಕ

ಹೊಣೆ ಎಂಬ ಮಾತು ಅಂಕಿಗಳಲ್ಲಿ ಎಷ್ಟಾಗಬಹುದು? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹದಿನೇಳರ ಹುಡುಗನೊಬ್ಬನು ನಡೆಸುತ್ತಿದ್ದ ಸರಕಿನ ಗಾಡಿ ತಗುಲಿ, ತಿಂಗಳಿಗೆ 15,000 ರೂಪಾಯಿ ಸಂಪಾದಿಸುತ್ತಿದ್ದ ಮೂವತ್ತೈದು ವರ್ಷದ ಕೂಲಿಕಾರನೊಬ್ಬನು ತೀರಿಕೊಂಡನೆನ್ನೋಣ. ಅವನನ್ನು ಅವಲಂಬಿಸಿದವರು ನಾಲ್ವರು. 2009 ಮತ್ತು 2017ರ ಸುಪ್ರೀಂ ಕೋರ್ಟಿನ ತೀರ್ಪುಗಳು ಪರಿಹಾರ ಗಣನೆಗೆ ಒಂದು ಕ್ರಮವನ್ನು ಹಾಕಿಕೊಟ್ಟಿವೆ. ಅದರಂತೆ, ನಲವತ್ತರೊಳಗಿನ ವಯಸ್ಸಿನವನಾದುದರಿಂದ ಮುಂದಿನ ಏಳಿಗೆಗಾಗಿ ನೂರಕ್ಕೆ 40 ಸೇರಿಸಿದರೆ 21,000. ಅವನ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಪಾಲು ಕಳೆದರೆ 15,750. ವರ್ಷಕ್ಕೆ 1,89,000. ಮೂವತ್ತೊಂದರಿಂದ ಮೂವತ್ತೈದರ ವಯಸ್ಸಿಗೆ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆ, ಸಾಂಗತ್ಯನಷ್ಟ ಮೊದಲಾದ ಬಾಬ್ತುಗಳೂ ಬಡ್ಡಿಯೂ ಬೇರೆ.

2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ, 7,500 ಕಿಲೋಗ್ರಾಂ ಮೀರದ ನಾಲ್ಕು ಚಕ್ರದ ಬಾಡಿಗೆ ಸರಕಿನ ಗಾಡಿಗೆ ವರ್ಷದ ಥರ್ಡ್ ಪಾರ್ಟಿ ಕಂತು, ತೆರಿಗೆ ಬಿಟ್ಟು, 16,049 ರೂಪಾಯಿ. ಇಷ್ಟು ಹಣವನ್ನು ತಪ್ಪದೆ ಕಟ್ಟಿದ ಒಡೆಯನು ಕೀಲಿಯನ್ನು ಲೈಸೆನ್ಸಿಲ್ಲದ ಹುಡುಗನ ಕೈಗೆ ಕೊಟ್ಟ ಮಾತ್ರದಿಂದ, ಆ ಕಂತಿನ ನೂರೆಂಬತ್ತು ಪಟ್ಟಿಗೂ ಮೀರಿದ ಹೊರೆಯನ್ನು ಹೊರಬೇಕಾಗಬಹುದು. ಎರಡೆಕರೆ ಹಿಪ್ಪುನೇರಳೆ ತೋಟವನ್ನು ನಂಬಿದ ಸಂಸಾರವು ಈ ಹೊರೆಯನ್ನು ಹೇಗೆ ತಾನೆ ಹೊತ್ತೀತು? ಅಷ್ಟು ಹಣವನ್ನು ಕೊಡಲಾರದ ಬಡ ಒಡೆಯನೆದುರು ನಿಲ್ಲುವ ಆ ಕೂಲಿಕಾರನ ಹೆಂಡತಿ ಮಕ್ಕಳ ಪಾಡೂ ಅಷ್ಟೇ ಶೋಚನೀಯ.

ಹುಡುಗನ ಪಾಡು

ಇದುವರೆಗೆ ಮೂರನೆಯವನ ವಿಚಾರವಾಯಿತು. ಆ ಹುಡುಗನೇ ಗಾಯಗೊಂಡರೆ, ಅಥವಾ ಮಡಿದರೆ? ಥರ್ಡ್ ಪಾರ್ಟಿ ವಿಮೆ ಹೊರಗಿನವನಿಗೆ. ಒಡೆಯ-ಚಾಲಕನ ಹದಿನೈದು ಲಕ್ಷ ಒಡೆಯನಿಗೆ. ಅವನದೇ ತಪ್ಪಿನಿಂದ ಅಪಘಾತವಾಗಿದ್ದರೆ ಬೇರೆಯವರನ್ನು ಕೇಳುವಂತಿಲ್ಲ. ಕೂಲಿಗೆ ನೇಮಿಸಿಕೊಂಡ ಧಣಿಯಿದ್ದರೆ, 1923ರ ಕಾಯಿದೆಯಲ್ಲಿದ್ದು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿರುವ ನೌಕರರ ಪರಿಹಾರವನ್ನು ಧಣಿಯಿಂದ ಕೇಳಬಹುದು. ಧಣಿಯು ಕಂಪನಿಯ ಕಡೆಗೆ ಕೈ ತೋರಿಸಿದರೆ ಕಂಪನಿಯು ಲೈಸೆನ್ಸಿನ ಕಡೆಗೆ ಕೈ ತೋರಿಸುವುದು. ತಂದೆಯ ಗಾಡಿಯನ್ನೇ ನಡೆಸುತ್ತಿದ್ದವನಿಗೆ ಧಣಿಯೂ ಇಲ್ಲ. ಮನೆಗಾಗಿ ದುಡಿದ ಹುಡುಗನೇ ಎಲ್ಲ ರಕ್ಷಣೆಗಳಿಂದಲೂ ಹೊರಗುಳಿಯುತ್ತಾನೆ. ಈ ವಿಷಯದಲ್ಲಿ ಅತ್ಯಂತ ದುಃಖಕರವಾದುದು ಇದೇ.

ಪೂರ್ವಪಕ್ಷ ಮತ್ತು ಸಮಾಧಾನ

“ನಮ್ಮ ಹುಡುಗ ಹನ್ನೆರಡನೆಯ ವಯಸ್ಸಿನಿಂದ ಟ್ರ್ಯಾಕ್ಟರ್ ಹೊಡೀತಾನೆ, ಮೇಷ್ಟ್ರೇ. ದೊಡ್ಡವರಿಗಿಂತ ಚೆನ್ನಾಗಿ ಹೊಡೀತಾನೆ” ಎಂದು ಹೇಳುವವರುಂಟು. ಇರಬಹುದು. ಹೊಲದ ಬದುವಿನೊಳಗೆ ಕೈಚಳಕ ಸಾಕು. ಲೈಸೆನ್ಸಿನ ವಿಧಿಯು ಸಾರ್ವಜನಿಕ ಸ್ಥಳಕ್ಕೆ ಸಂಬಂಧಿಸಿದ್ದು. ಬದು ದಾಟಿ ರಸ್ತೆಗಿಳಿದ ಕೂಡಲೇ ಕೈಚಳಕದೊಡನೆ ಅರ್ಹತೆಯೂ ಬೇಕಾಗುತ್ತದೆ. ಎದುರಿಗೆ ಬರುವವನ ತಪ್ಪನ್ನೂ ಊಹಿಸಿ ನಡೆಸುವ ಪಕ್ವತೆ ವಯಸ್ಸಿನಿಂದ ಬರತಕ್ಕದ್ದೇ ಹೊರತು ಅಭ್ಯಾಸ ಮಾತ್ರದಿಂದಲ್ಲ.

“ಬಡವರು ನಾವು. ಹುಡುಗ ದುಡಿಯದಿದ್ದರೆ ಮನೆ ನಡೆಯುವುದು ಹೇಗೆ?” ಎಂಬ ಎರಡನೆಯ ಮಾತು ನಿಜವಾಗಿಯೂ ತೂಕವುಳ್ಳದ್ದು. ಕಾಯಕವನ್ನು ಗೌರವಿಸುವ ಈ ನೆಲದಲ್ಲಿ ದುಡಿಯುವ ಹುಡುಗನನ್ನು ಹಳಿಯುವುದು ಯಾರಿಗೂ ತರವಲ್ಲ. ಆದರೆ ಬಡವನಿಗೇ ಈ ಹೊರೆ ಹೆಚ್ಚು ಭಾರವೆಂಬುದನ್ನು ಮೇಲಿನ ಲೆಕ್ಕ ತೋರಿಸಿದೆ. ಸರಕನ್ನು ಇಳಿಸುವುದು, ತೂಕ ನೋಡುವುದು, ಲೆಕ್ಕ ಬರೆಯುವುದು, ಗಾಡಿಯ ರಿಪೇರಿ ಕಲಿಯುವುದು ಮೊದಲಾಗಿ ಹುಡುಗನು ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ. ಸ್ಟಿಯರಿಂಗ್ ಹಿಡಿಯುವ ಒಂದು ಕೆಲಸ ಮಾತ್ರ ಕೆಲವು ವರ್ಷ ಕಾಯಲಿ.

ಕರ್ತವ್ಯ

ಗಾಡಿಯ ಒಡೆಯರಾದ ನಮ್ಮ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೀಲಿ ಕೊಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ನಡೆಸುವವನ ಲೈಸೆನ್ಸನ್ನು ಕಣ್ಣಾರೆ ಕಂಡಿದ್ದೇನೆಯೇ? ಅದು ಈ ಜಾತಿಯ ಗಾಡಿಗೆ ಸಲ್ಲುವುದೇ? ಇಂದಿನ ಕೆಲಸವು ವಿಮಾಪತ್ರದಲ್ಲಿ ಹೇಳಿದ ಉಪಯೋಗಕ್ಕೆ ಒಳಪಟ್ಟಿದೆಯೇ? ವಿಮೆಯ ಅವಧಿ ಮುಗಿದಿಲ್ಲವಷ್ಟೆ? ಲೈಸೆನ್ಸನ್ನು ನೋಡಿ, ಚಾಲನೆಯನ್ನು ಪರೀಕ್ಷಿಸಿ ನೇಮಿಸಿಕೊಂಡ ಒಡೆಯನನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಕಾಪಾಡಿವೆ. ನೋಡದೆ ಕೊಟ್ಟವನಿಗೆ ಆ ಅನುಕೂಲವಿಲ್ಲ. ಹಳೆಯ ಗಾಡಿಯನ್ನು ಊರಿನ ಹುಡುಗರಿಗೆ ಛಾಪಾ ಕಾಗದದ ಮೇಲೆ ಮಾರಿ ಆರ್.ಸಿ.ಯಲ್ಲಿ ಹೆಸರು ಬದಲಾಯಿಸದೆ ಬಿಡುವವರೂ ಎಚ್ಚರಗೊಳ್ಳಬೇಕು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಉಪಾಧ್ಯಾಯರ ಕರ್ತವ್ಯ ಇನ್ನೂ ಸುಲಭ. ಹತ್ತನೆಯ ತರಗತಿಯಲ್ಲಿ ಪತ್ರಲೇಖನ, ಗದ್ಯಾನುವಾದಗಳನ್ನು ಹೇಳಿಕೊಡುವ ಗಂಟೆಗಳಲ್ಲಿ ಒಂದನ್ನು ವಿಮಾಪತ್ರದ ಓದಿಗೆ ಮೀಸಲಿಡಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಗಾಡಿಯ ವಿಮಾಪತ್ರದ ನಕಲನ್ನು ತಂದು, ಚಾಲಕನ ನಿಬಂಧನೆಯನ್ನೂ ಉಪಯೋಗದ ಮಿತಿಯನ್ನೂ ಶುದ್ಧ ಕನ್ನಡದಲ್ಲಿ ಬರೆಯಲಿ. ಅದೇ ದಿನ ಸಂಜೆ ಅದನ್ನು ತಂದೆತಾಯಿಗಳಿಗೆ ಓದಿ ಹೇಳಲಿ. ಗಣಿತದ ಉಪಾಧ್ಯಾಯರು ಮೇಲಿನ ಪರಿಹಾರದ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಲಿ. ಶೇಕಡಾ, ಭಿನ್ನರಾಶಿ, ಗುಣಾಕಾರ ಮೂರೂ ಅದರಲ್ಲಿವೆ. ಇದಕ್ಕೆ ಸರ್ಕಾರದ ಅಪ್ಪಣೆಯೂ ಬೇಡ, ಹೆಚ್ಚಿನ ವೆಚ್ಚವೂ ಇಲ್ಲ. ಧನಸಹಾಯ ಮಾಡಲಿಚ್ಛಿಸುವ ಮಹನೀಯರು, ಹದಿನೆಂಟು ತುಂಬಿದ ಬಡ ವಿದ್ಯಾರ್ಥಿಗಳಿಗೆ ಚಾಲನಾ ತರಬೇತಿಯ ಮತ್ತು ಲೈಸೆನ್ಸಿನ ವೆಚ್ಚವನ್ನು ಭರಿಸಿದರೆ ಅದೂ ವಿದ್ಯಾದಾನವೇ ಆಗುತ್ತದೆ.

ಯೋಗಕ್ಷೇಮ ಎಂಬ ಪದವನ್ನು ನಾವು ಪತ್ರಗಳ ಮೊದಲಲ್ಲಿ ನಿತ್ಯವೂ ಬರೆಯುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ದುಡಿಮೆಯಿಂದ ಯೋಗವು ಲಭಿಸೀತು. ಕ್ಷೇಮಕ್ಕೆ ವಿಮೆಯೊಂದೇ ಸಾಲದು, ಅದರ ನಿಬಂಧನೆಯನ್ನು ಓದಿ ಅದರಂತೆ ನಡೆಯುವ ವಿವೇಕವೂ ಬೇಕು. ನಮ್ಮ ಮಕ್ಕಳು ದುಡಿಯಲಿ, ಗಾಡಿಗಳನ್ನೂ ನಡೆಸಲಿ. ತಕ್ಕ ವಯಸ್ಸಿನಲ್ಲಿ, ತಕ್ಕ ಲೈಸೆನ್ಸಿನೊಡನೆ ನಡೆಸಿ, ಪ್ರತಿದಿನವೂ ಸುಖವಾಗಿ ಮನೆಗೆ ಹಿಂತಿರುಗಲಿ ಎಂದು ಹಾರೈಸುತ್ತೇನೆ.